ಬೇಕಾ, ಬೇಡ್ವಾ

ಗಂಡ ಇಯರ್‌ಫೋನು ಕೊಂಡು ತಂದ ದಿನ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಐವತ್ತು ದಾಟಿದ ಗಂಡಸು, ತಲೆಗೆ ಬಣ್ಣ ಹಚ್ಚಿಕೊಂಡು, ಎರಡೂ ಕಿವಿಯಿಂದ ಬಿಳಿ ವೈರು ಇಳಿಬಿಟ್ಟುಕೊಂಡು ತಟ್ಟೆಯ ಮುಂದೆ ಕೂತರೆ ಯಾರಿಗೆ ತಾನೇ ನಗು ಬರುವುದಿಲ್ಲ. ಮಗಳು ಫೋಟೋ ತೆಗೆದಳು. ಅವನೂ ನಕ್ಕ. ಆ ನಗು ಬಹಳ ದಿನ ಬಾಳಲಿಲ್ಲ.

ಬೀದಿಯಲ್ಲಿ ಅವನಿಗೆ ರೇಡಿಯೋ ಎಂದೇ ಹೆಸರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿ, ಒಂದು ಉದ್ದ ಬೆಂಚಿನ ಕಟಿಂಗ್ ಶಾಪು ಅವನದು. ಕತ್ತರಿಗಿಂತ ನಾಲಿಗೆ ಚುರುಕು ಎಂದು ಗಿರಾಕಿಗಳೇ ಆಡಿಕೊಳ್ಳುತ್ತಿದ್ದರು. ಯಾರ ಮನೆಯ ಕೊಳಾಯಿ ಒಡೆಯಿತು, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಔಷಧಿ ಅಂಗಡಿಯವನಿಗೂ ಅವನ ತಮ್ಮನಿಗೂ ಮಾತು ನಿಂತದ್ದು ಯಾಕೆ, ಎಲ್ಲವೂ ಆ ಬೆಂಚಿನ ಮೇಲೆ ಹುಟ್ಟಿ ಸಂಜೆ ಅವನ ಬಾಯಲ್ಲಿ ಮನೆಗೆ ಬರುತ್ತಿತ್ತು. ಹೆಂಡತಿ ಬೇಕರಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ನಿಂತು ಬ್ರೆಡ್ಡು ಪ್ಯಾಕ್ ಮಾಡಿ, ಕಾಲು ನೋಯಿಸಿಕೊಂಡು ಬರುವವಳು. "ಅನ್ನ ಆರ್ತಾ ಇದೆ, ಮೊದ್ಲು ತಿನ್ರೀ" ಎಂದು ಗದರುತ್ತಿದ್ದಳು. ಗದರಿದರೂ ಔಷಧಿ ಅಂಗಡಿಯವನ ಕಥೆ ಮುಗಿಯುವ ತನಕ ತಟ್ಟೆ ಎತ್ತುತ್ತಿರಲಿಲ್ಲ.

ಆಮೇಲೆ ಬೆಂಚಿನವರ ಕೈಗೆ ಫೋನು ಬಂತು. ಸರದಿ ಕಾಯುವ ಹೊತ್ತಿಗೆ ಮಾತು ಬೇಕಿಲ್ಲದಾಯಿತು. ದಿನಪತ್ರಿಕೆ ಮಡಿಕೆ ಬಿಚ್ಚದೆ ಹಳೆಯದಾಗತೊಡಗಿತು.

"ಮುಂಚೆ ತಲೆ ತಗ್ಸಿ, ತಗ್ಸಿ ಅಂತ ಹೇಳಿ ಹೇಳಿ ಬಾಯಿ ಒಣಗ್ತಿತ್ತು. ಈಗ ಎಲ್ರೂ ತಗ್ಸಿಕೊಂಡೇ ಬರ್ತಾರೆ. ಕುತ್ತಿಗೆ ಹಿಂದೆ ಎಷ್ಟು ಬೇಕಾದ್ರೂ ಮಾಡ್ಬಹುದು, ಮುಂದಲೆ ಸಿಗೋದೇ ಕಷ್ಟ" ಎಂದು ರೇಡಿಯೋ ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿದ.

ಯಾರೂ ತಲೆ ಎತ್ತಲಿಲ್ಲ. ಮಗಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ರೋಗಿಗಳ ಹೆಸರು ಕೂಗುವ ಕೆಲಸದವಳು. ಮನೆಗೆ ಬಂದ ಮೇಲೆ ಬಾಯಿಗೆ ರಜೆ, ಹೆಬ್ಬೆರಳಿಗೆ ಕೆಲಸ. ಹೆಂಡತಿ ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಯಾರೋ ಹೆಂಗಸು ತನ್ನ ಕಪಾಟು ಒಪ್ಪ ಮಾಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳದೇ ಕಪಾಟಿನ ಬಾಗಿಲು ತೆರೆದರೆ ಬಟ್ಟೆ ಮೈಮೇಲೆ ಬೀಳುತ್ತಿತ್ತು, ಅದು ಬೇರೆ ಮಾತು.

ಫೋನಿಲ್ಲದವಳು ರೇಡಿಯೋನ ತಾಯಿ ಒಬ್ಬಳೇ. ಬೇಸರ ಎನ್ನುವುದು ಈಗ ಆ ಮನೆಯಲ್ಲಿ ಅಜ್ಜಿಗೆ ಮಾತ್ರ ಆಗುತ್ತಿತ್ತು, ಉಳಿದವರಿಗೆ ಅದಕ್ಕೂ ಪುರುಸೊತ್ತಿರಲಿಲ್ಲ. ಅವಳು ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ಹೋಗುವವರನ್ನೂ ಬರುವವರನ್ನೂ ಬೈಯುತ್ತಾ, ಯಾರಾದರೂ ಉತ್ತರ ಕೊಡುತ್ತಾರೋ ಎಂದು ಆಗಾಗ ನಿಲ್ಲಿಸಿ ನೋಡುತ್ತಿದ್ದಳು.

ಹೀಗಿರುವಾಗ ರೇಡಿಯೋನೂ ನಿಂತ. ಯಾವತ್ತು ನಿಂತ ಎಂದು ಯಾರಿಗೂ ಹೇಳಲಾಗುವುದಿಲ್ಲ. ಬರಬರುತ್ತಾ ಸುದ್ದಿ ಕಡಿಮೆಯಾಯಿತು, ಕಿವಿಗೆ ವೈರು ಬಂತು, ಆಮೇಲೆ "ಹೂಂ" ಒಂದೇ ಉಳಿಯಿತು.

"ಗ್ಯಾಸು ಖಾಲಿ ಆಗ್ತಾ ಬಂತು."

"ಹೂಂ."

"ಪಕ್ಕದ್ಮನೆಯವರು ಮನೆ ಬಿಡ್ತಾರಂತೆ."

"ಹೂಂ, ಒಂದೇ ಸೌಟು ಸಾಕು."

ಅವಳು ಸೌಟನ್ನು ಪಾತ್ರೆಗೆ ಕುಕ್ಕಿದಳು. ಹಾಡಿನಲ್ಲಿ ಮುಳುಗಿದವನಿಗೆ ಪಕ್ಕದ ಮನೆಯಾದರೇನು, ಬೇಳೆಯಾದರೇನು.

ಅನುಮಾನಕ್ಕೆ ಮೊದಲು ನೀರೆರೆದವಳು ಹೆಂಡತಿಯ ಅಕ್ಕ. ಅವಳ ಮನೆ ಊರಿನ ಆಚೆ ತುದಿಯಲ್ಲಿ. ಬೇಕರಿಯಲ್ಲಿ ಊಟದ ಬಿಡುವಾದಾಗ ಅಕ್ಕತಂಗಿಯರು ಫೋನಿನಲ್ಲಿ ಕಷ್ಟಸುಖ ಮಾತಾಡುವುದಿತ್ತು.

"ಆ ವಯಸ್ಸಲ್ಲಿ ಗಂಡಸು ತಲೆಗೆ ಬಣ್ಣ ಹಚ್ಚಿ ಕಿವಿಗೆ ವೈರು ಸಿಗಿಸ್ಕೊಂಡ ಅಂದ್ರೆ ಏನರ್ಥ ಅಂತ ನಾನು ಹೇಳ್ಬೇಕಾ?" ಎಂದಳು ಅಕ್ಕ.

"ಬಣ್ಣ ಮೊದ್ಲಿಂದ್ಲೂ ಹಚ್ತಾರೆ. ಅಂಗಡಿ ಕೆಲ್ಸಕ್ಕೆ."

"ಸರಿ. ನಾನೇನೂ ಹೇಳ್ಲಿಲ್ಲಮ್ಮ."

ಏನೂ ಹೇಳಲಿಲ್ಲ ಎನ್ನುವಷ್ಟರಲ್ಲಿ ಅಕ್ಕ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಅವತ್ತು ಸಂಜೆ ಗಂಡ ಸ್ನಾನಕ್ಕೆ ಹೋದಾಗ ತಂಗಿ ಅವನ ಫೋನು ತೆಗೆದು ನೋಡಿದಳು. ಹೊಸ ಹೆಸರಿಲ್ಲ, ಫೋಟೋ ಇಲ್ಲ, ಯಾರಿಗೂ ಮಾಡಿದ ಕರೆಯಿಲ್ಲ. ಬಂದ ಕರೆಗಳನ್ನು ಅವನು ಎತ್ತಿಯೇ ಇರಲಿಲ್ಲ. ಏನಾದರೂ ಸಿಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಏನೂ ಸಿಗದೆ ಹೋದದ್ದರಿಂದ, ಎಲ್ಲವನ್ನೂ ಅಳಿಸಿ ಹಾಕಿದ್ದಾನೆ ಎಂದುಕೊಂಡಳು.

ಮನೆಯಲ್ಲಿ ಅವಳೊಬ್ಬಳಿಗೇ ಹೀಗಾಗಿರಲಿಲ್ಲ. ಮಗಳು ಕೆಲವು ತಿಂಗಳಿಂದ ಒಬ್ಬ ಹುಡುಗನೊಂದಿಗೆ ಚಾಟ್ ಮಾಡುತ್ತಿದ್ದಳು. ಅಪ್ಪನಿಗೆ ವಾಸನೆ ಬಡಿದಿದೆ, ಅದಕ್ಕೇ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದು ಅವಳಿಗೆ ಹೆದರಿಕೆ. ಅಜ್ಜಿಗೆ ತನ್ನನ್ನು ಕಿರಿಮಗನ ಮನೆಗೆ ಸಾಗಹಾಕಲು ಎಲ್ಲರೂ ಒಳಗೊಳಗೇ ಮಸಲತ್ತು ಮಾಡುತ್ತಿದ್ದಾರೆಂದು ಗುಮಾನಿ. "ನಾನು ಬಂದ ತಕ್ಷಣ ಎಲ್ರ ಬಾಯೂ ಬಂದ್ ಆಗುತ್ತಲ್ಲ, ನಂಗೇನು ಗೊತ್ತಾಗಲ್ವಾ" ಎಂದು ಅವಳು ಕಿಟಕಿಗೆ ಹೇಳುತ್ತಿದ್ದಳು. ಬಾಯಿ ಮೊದಲೇ ಬಂದ್ ಆಗಿತ್ತು ಎಂದು ಅವಳಿಗೆ ಹೇಳುವವರಿರಲಿಲ್ಲ.

ಅಂಗಡಿಗೆ ರಜೆಯಿದ್ದ ಒಂದು ಬೆಳಿಗ್ಗೆ ರೇಡಿಯೋ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ. ಕಿವಿಯಲ್ಲಿ ವೈರು ಇತ್ತು. ಹೆಂಡತಿ ಒಲೆಯ ಮುಂದೆ ನಿಂತು "ಆ ಉಪ್ಪಿನ ಡಬ್ಬ ಕೊಡ್ರೀ" ಎಂದಳು. ಇಲ್ಲ. ಇನ್ನೊಮ್ಮೆ ಎಂದಳು. ಅದೂ ಇಲ್ಲ. ಕಿತ್ತೇ ಬಿಡುತ್ತೇನೆ ಎಂದು ತಿರುಗಿದವಳಿಗೆ ವೈರಿನ ಇನ್ನೊಂದು ತುದಿ ಕಣ್ಣಿಗೆ ಬಿತ್ತು. ಅಂಗಿಯ ಜೇಬಿನಿಂದ ಆಚೆ ಪಿನ್ನು ನೇತಾಡುತ್ತಿತ್ತು. ಫೋನು ಅಲ್ಲೆಲ್ಲೂ ಇರಲಿಲ್ಲ. ಅದು ನಡುಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅವಳಿಗೆ ಕಾಣುತ್ತಿತ್ತು.

ಹಾಡೂ ಇಲ್ಲ, ಹೆಂಗಸೂ ಇಲ್ಲ. ಸುಮ್ಮಸುಮ್ಮನೆ ಕಿವಿಗೆ ಬಿರಡೆ ಹಾಕಿಕೊಂಡು ಕೂತಿದ್ದಾನೆ. ಯಾಕೆ ಎಂದರೆ ಅವಳಿಗೆ ಒಂದೇ ಕಾರಣ ತೋಚಿತು: ತನ್ನ ದನಿ ಇವನಿಗೆ ಬೇಡವಾಗಿದೆ. ಬೇರೆ ಹೆಂಗಸಿದ್ದಿದ್ದರೆ ಅವಳ ಜುಟ್ಟು ಹಿಡಿಯಬಹುದಿತ್ತು. ಇದಕ್ಕೆ ಯಾರ ಜುಟ್ಟು ಹಿಡಿಯುವುದು. ಅವಳಿಗೆ ತುಂಬಾ ನೋವಾಯಿತು. ಉಪ್ಪಿನ ಡಬ್ಬವನ್ನು ತಾನೇ ಬಗ್ಗಿ ತೆಗೆದುಕೊಂಡಳು, ಪಿನ್ನಿನ ವಿಷಯ ಬಾಯಿ ಬಿಡಲಿಲ್ಲ.

ಮುಂದಿನ ವಾರ ಮೇಷ್ಟ್ರ ಮೀಸೆ ಹೋಯಿತು.

ಮೇಷ್ಟ್ರು ಕೆಲಸದಿಂದ ನಿವೃತ್ತರು, ಅಂಗಡಿಯ ಹಳೆಯ ಗಿರಾಕಿ. ಅವರ ಮೀಸೆಗೆ ಓಣಿಯಲ್ಲಿ ಅವರಿಗಿಂತ ಹೆಚ್ಚು ಮರ್ಯಾದೆ. ಅದು ಹೋದ ಸುದ್ದಿ ಮನೆಗೆ ಬಂದದ್ದು ರೇಡಿಯೋನ ಬಾಯಿಂದಲ್ಲ, ಮಗಳ ಫೋನಿನಿಂದ. ಬೆಂಚಿನ ಮೇಲೆ ಕೂತಿದ್ದ ಯಾರೋ ವಿಡಿಯೋ ತೆಗೆದು ಊರಿಗೆಲ್ಲ ಹಂಚಿದ್ದರು.

"ಅಮ್ಮಾ, ಇಲ್ನೋಡು. ಅಪ್ಪ."

ವಿಡಿಯೋದಲ್ಲಿ ಮೇಷ್ಟ್ರು ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಎದ್ದು ನಿಂತಿದ್ದರು. ಅರ್ಧ ಮೀಸೆ ಇತ್ತು, ಅರ್ಧ ಇರಲಿಲ್ಲ.

"ಬೇಡ ಅಂದ್ರಲ್ಲ ಮೇಷ್ಟ್ರೇ" ಎನ್ನುತ್ತಿದ್ದ ರೇಡಿಯೋ.

"ಬೇಕು ಅಂದೆ ಕಣಯ್ಯಾ. ಮೀಸೆ ಬೇಕಾ ಅಂತ ನೀನು ಕೇಳ್ದೆ, ಬೇಕು ಅಂದೆ. ಕಿವಿಯಿಂದ ಆ ದಾರ ಕಿತ್ತು ಬಿಸಾಕಿ ಕೇಳಿಸ್ಕೋ."

"ತಪ್ಪಾಯ್ತು ಮೇಷ್ಟ್ರೇ. ಹಾಡು ಕೇಳ್ತಿದ್ದೆ."

ಬೆಂಚು ನಗುತ್ತಿತ್ತು. ಮಗಳು ಅವಮಾನದಿಂದ ಫೋನು ಮಗುಚಿಟ್ಟಳು. ಹೆಂಡತಿಗೆ ಮೀಸೆಯ ಚಿಂತೆಯಿರಲಿಲ್ಲ. ಹಾಡು ಕೇಳ್ತಿದ್ದೆ ಎಂಬ ಸುಳ್ಳು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಊರ ಮುಂದೆ, ಎಲ್ಲರೂ ನೋಡುತ್ತಿರುವಾಗ, ಇಷ್ಟು ಸಲೀಸಾಗಿ ಸುಳ್ಳು ಹೇಳುವವನನ್ನು ಇನ್ನು ಯಾವುದರಲ್ಲಿ ನಂಬುವುದು.

ಸಂಜೆ ಬಡಿಸುವಾಗ ಕೇಳಿದಳು. "ಯಾವ ಹಾಡು?"

ಅವನು ಅನ್ನ ಕಲಸುತ್ತಿದ್ದ. ಅವಳು ಎದುರಿಗೆ ಬಂದು ನಿಂತ ಮೇಲೆ ಮುಖ ಎತ್ತಿದ. "ಮೇಷ್ಟ್ರು ಸಮಾಧಾನ ಆದ್ರು. ಬೆಳೆಯುತ್ತೆ ಬಿಡು."

"ನಾನು ಕೇಳಿದ್ದು ಹಾಡಿನ ವಿಷ್ಯ."

"ಹೂಂ."

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. ಬೇಳೆಯ ಪಾತ್ರೆ ಒಂದು ಕೈಯಲ್ಲಿ, ಸೌಟು ಇನ್ನೊಂದು ಕೈಯಲ್ಲಿ. ದನಿ ಏರಿಸಲಿಲ್ಲ. ಏರಿಸಿದ್ದರೆ ಬಹುಶಃ ಇಡೀ ಕಥೆ ಅಲ್ಲೇ ಮುಗಿಯುತ್ತಿತ್ತು.

"ಒಂದೇ ಒಂದು ಮಾತು ಕೇಳ್ತೀನಿ, ಹೇಳ್ಬಿಡಿ. ನಿಮಗೆ ನಾನು ಬೇಕಾ, ಬೇಡ್ವಾ?"

ಮಗಳು ಫೋನಿನಿಂದ ಕಣ್ಣೆತ್ತಿದಳು. ಮಂಚದ ಮೇಲಿನ ಗೊಣಗಾಟ ನಿಂತಿತು. ರೇಡಿಯೋ ಹೆಂಡತಿಯ ಬಾಯನ್ನು ನೋಡಿದ, ಸೌಟನ್ನು ನೋಡಿದ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ಬೇಡ" ಎಂದ. "ಸಾಕಾಗಿದೆ."

ಆಮೇಲೆ ಎಂದಿನಂತೆ ಎದ್ದು ತನ್ನ ತಟ್ಟೆ ತೊಳೆದಿಟ್ಟು ಹೊರಗೆ ಹೋಗಿ ಕೂತ. ಸಾಕಾಗಿದೆ ಎಂಬ ಮಾತು ಹೊಟ್ಟೆಗೂ ಆಗುತ್ತದೆ, ಸಂಸಾರಕ್ಕೂ ಆಗುತ್ತದೆ. ಅಂಥ ಪ್ರಶ್ನೆಯನ್ನು ಸೌಟು ಹಿಡಿದುಕೊಂಡು ಕೇಳಬಾರದಿತ್ತು. ಅದು ಆ ಮನೆಯಲ್ಲಿ ಆಗ ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಅವನು ಅಂಗಡಿಗೆ ಹೋದ ಮೇಲೆ ಅವಳು ಬಟ್ಟೆ ತುಂಬಿಕೊಂಡಳು.

"ಅತ್ತೆ, ಅಕ್ಕನ ಮನೆಗೆ ಹೋಗ್ತಿದ್ದೀನಿ."

"ಯಾವಾಗ ಬರ್ತೀಯಾ?"

"ಬೇಡ ಅಂದ್ಮೇಲೆ ಬರೋದೇನು. ನಿಮ್ಮ ಕಿವಿಗೂ ಬಿತ್ತಲ್ಲ."

ಅಜ್ಜಿಯ ಕಿವಿಗೆ ಬೀಳದ ಮಾತು ಆ ಬೀದಿಯಲ್ಲೇ ಇರಲಿಲ್ಲ. ಆದರೂ ಸೊಸೆಯನ್ನು ತಡೆಯಲು ನೋಡಿದಳು. "ನಿಮ್ಮ ಮಾವನೂ ಬಾಯಿಗೆ ಬಂದಿದ್ದು ಆಡ್ತಿದ್ರು. ನಾನೇನು ಗಂಟುಮೂಟೆ ಕಟ್ಟಿದ್ನಾ?"

"ಅವರು ಆಡ್ತಿದ್ರಲ್ಲ ಅತ್ತೆ. ಇವರು ಆಡೋದೂ ಇಲ್ಲ."

ಅಜ್ಜಿ ಕಿಟಕಿಯ ಕಡೆ ತಿರುಗಿ ಕೂತಳು.

ಸೊಸೆಯಿಲ್ಲದ ಮನೆ ಕುಂಟಿಕೊಂಡು ನಡೆಯಿತು. ಮಗಳು ಒಲೆಯ ಮೇಲೆ ಅನ್ನ ಇಟ್ಟು ಫೋನು ಹಿಡಿದರೆ, ವಾಸನೆ ಹಿಡಿದು ಕೂಗುವುದು ಅಜ್ಜಿಯ ಪಾಲಿಗೆ ಬಂತು. ಬೇಕರಿಯಿಂದ ಬರುತ್ತಿದ್ದ ಬ್ರೆಡ್ಡಿನ ತುಂಡುಗಳು ನಿಂತವು. ರೇಡಿಯೋ ಮಾತ್ರ ಯಾವ ಗಲಾಟೆಯೂ ಇಲ್ಲದೆ ಬೆಳಿಗ್ಗೆ ಪಾತ್ರೆ ತೊಳೆದು, ನೀರು ತುಂಬಿಸಿ, ಅಂಗಡಿಗೆ ಹೋಗಿ ಬರುತ್ತಿದ್ದ. ಹೆಂಡತಿ ಅಕ್ಕನನ್ನು ನೋಡಿಕೊಂಡು ಬರಲು ಹೋಗಿದ್ದಾಳೆ ಎಂದೇ ಅವನು ತಿಳಿದಿದ್ದ. ಅವಳು ಯಾಕೆ ಹೋದಳೆಂದು ಅವನಿಗೆ ಯಾರೂ ಹೇಳಲಿಲ್ಲ. ಬೇಡ ಎಂದವನಿಗೇ ಹೋಗಿ ಹೇಳುವುದೇನು ಎಂದು ಎಲ್ಲರ ಸಿಟ್ಟು.

"ಅಮ್ಮ ಯಾವಾಗ ಬರ್ತಾಳಂತೆ?" ಎಂದು ಮಗಳನ್ನು ಕೇಳಿದ ಒಂದು ಸಂಜೆ.

ಮಗಳು ಫೋನಿನಿಂದ ಮುಖ ಎತ್ತದೆ ಹೇಳಿದಳು. "ನೀನೇ ಬೇಡ ಅಂದ್ಯಲ್ಲ. ಇನ್ಯಾಕೆ ಬರ್ತಾಳೆ?"

"ಹಾಗಾ. ಆಗ್ಲಿ ಬಿಡು, ನಿಧಾನಕ್ಕೆ ಬರ್ಲಿ."

ಮಗಳು ತಟ್ಟೆ ತಳ್ಳಿ ಎದ್ದುಹೋದಳು. ಆಮೇಲೆ ಅಮ್ಮನಿಗೆ ಫೋನು ಮಾಡಿ "ಅಪ್ಪ ಹಾಯಾಗಿದ್ದಾನೆ" ಎಂದಳು.

ಅಕ್ಕನ ಮನೆಯಲ್ಲಿ ಮಾತು ತುಂಬಿ ತುಳುಕುತ್ತಿರಲಿಲ್ಲ. ಅಕ್ಕ ಒಂದು ಫ್ಯಾನಿನ ಕೆಳಗೆ, ಭಾವ ಇನ್ನೊಂದು ಫ್ಯಾನಿನ ಕೆಳಗೆ, ಇಬ್ಬರಿಗೂ ಒಂದೊಂದು ಫೋನು. ತಂಗಿಯ ಸಂಸಾರದ ಮೇಲೆ ಮೊದಲ ಎರಡು ದಿನ ಅಕ್ಕನಿಗೆ ಬಹಳ ಆಸಕ್ತಿಯಿತ್ತು, ಆಮೇಲೆ "ಹೂಂ" ಶುರುವಾಯಿತು. ತಂಗಿ ತನ್ನ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಗಂಡನ ಕರೆಗೆ ಕಾದಳು. ಬೇಕರಿಯಲ್ಲಿ ಬ್ರೆಡ್ಡಿನ ಟ್ರೇಗೆ ಒರಗಿಸಿಟ್ಟು ಕಾದಳು. ಒಂದು ಕರೆ ಮಾಡಿ "ಬಾರೇ" ಎಂದಿದ್ದರೆ ಬೈದುಕೊಂಡಾದರೂ ಹೋಗುತ್ತಿದ್ದಳು. ಅವನು ಮಾಡಲಿಲ್ಲ. ಅವಳು ತಾನೇ ಸೋತು ಮಾಡಿದ ಕರೆಯನ್ನು ಅವನು ಎತ್ತಲೂ ಇಲ್ಲ.

"ನೋಡಿದ್ಯಾ" ಎಂದಳು ಅಕ್ಕ, ಫೋನಿನಿಂದ ಕಣ್ಣು ತೆಗೆಯದೆ.

ಮರುದಿನ ಅವಳು ಮೈದಾ ಚೀಲಗಳ ಹಿಂದೆ ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿ ಗಂಡನಿಗೆ ವಾಯ್ಸ್ ಮೆಸೇಜು ಕಳಿಸಿಬಿಟ್ಟಳು. ಬರೆಯಲು ಹೋಗಿದ್ದರೆ ಸಿಟ್ಟು ಆರಿಹೋಗುತ್ತಿತ್ತು.

ಆ ಸಂಜೆ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಗಳು ಗೋಡೆಗೊರಗಿ ಫೋನು ಒತ್ತುತ್ತಿದ್ದಳು. ರೇಡಿಯೋ ಮನೆಗೆ ಬಂದು, ಬೆನ್ನು ಅವರಿಗೆ ಹಾಕಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು, ಕಿವಿಯ ವೈರು ತೆಗೆದಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡ. ಮುಂದಿನ ಗಳಿಗೆ ಹೆಂಡತಿಯ ದನಿ ಮನೆ ತುಂಬಿತು. ದನಿ ಎಷ್ಟು ಏರಬಹುದೋ ಅಷ್ಟೂ ಏರಿಸಿಟ್ಟಿದ್ದ.

"ಬೇಡ ಅಂತಿದ್ರೆ ನೇರವಾಗಿ ಮೊದ್ಲೇ ಹೇಳ್ಬಹುದಿತ್ತು. ಕಿವಿಗೆ ಸುಳ್ಳು ವೈರು ಹಾಕ್ಕೊಂಡು ಕೂರೋ ಅಗತ್ಯ ಇರ್ಲಿಲ್ಲ. ಪಿನ್ನು ಜೇಬಿಂದಾಚೆ ನೇತಾಡ್ತಿತ್ತು, ನಾನು ಕಣ್ಣಾರೆ ನೋಡ್ದೆ. ನನ್ನ ದನಿ ಕೇಳಿದ್ರೆ ನಿಮಗೆ ಅಷ್ಟು ಬೇಸರ ಅಲ್ವಾ. ಸಾಕಾಗಿದೆ ಅಂದ್ರಿ. ನನಗೂ ಸಾಕಾಗಿದೆ."

ಮಗಳ ಹೆಬ್ಬೆರಳು ನಿಂತಿತು. ಅಜ್ಜಿಯ ಕೈಯಿಂದ ಬೆಳ್ಳುಳ್ಳಿ ಎಸಳು ಜಾರಿತು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿಕೊಂಡಿತು. ರೇಡಿಯೋ ಆ ಮೆಸೇಜನ್ನು ಮತ್ತೆ ಹಾಕಿದ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಮತ್ತೊಮ್ಮೆ ಹಾಕಿದ. ಹೆಂಡತಿ ಅಷ್ಟೂ ಸಲ ಬೀದಿಗೆ ಕೇಳುವಂತೆ ತನ್ನ ಮನಸ್ಸು ಮುರಿದದ್ದನ್ನು ಹೇಳಿದಳು. ಆಮೇಲೆ ಅವನು ಎದ್ದು ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಏನಂತಿದ್ದಾಳೆ ಅವಳು? ಯಾವಾಗ ಬರ್ತಾಳಂತೆ?"

ಅಜ್ಜಿಗೆ ಮೊದಲು ಸಿಟ್ಟೇ ಬಂತು. "ತಮಾಷೆ ಮಾಡ್ತೀಯೇನೋ? ಬೀದಿಗೆಲ್ಲ ಕೇಳಿಸ್ತು, ನಿಂಗೆ ಕೇಳಿಸ್ಲಿಲ್ವಾ?"

ಅವನು ಅವಳ ಬಾಯನ್ನೇ ನೋಡುತ್ತಿದ್ದ. ಮಗಳು ಹಿಂದಿನಿಂದ "ಅಪ್ಪ" ಎಂದಳು. ಅವನು ತಿರುಗಲಿಲ್ಲ. "ಅಪ್ಪಾ" ಎಂದು ಕೂಗಿದಳು, ಕ್ಲಿನಿಕ್ಕಿನಲ್ಲಿ ಕೂಗುವ ಹಾಗೆ. ಅವನು ತಾಯಿಯ ತುಟಿ ಇನ್ನೊಮ್ಮೆ ಅಲ್ಲಾಡುತ್ತದೋ ಎಂದು ಕಾಯುತ್ತಿದ್ದ. ಮಗಳು ಬಂದು ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದ.

ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಮಗಳು ಎದುರು ಕೂತು, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು. ಅವನು ನೆಲ ನೋಡಿಕೊಂಡು ಹೇಳಿದ.

"ಗುಂಯ್ ಅಂತ ಕೇಳುತ್ತೆ. ಮಾತು ಬಿಡ್ಸೋಕೆ ಆಗಲ್ಲ. ಬೇ ಅನ್ನೋದು ಕೇಳುತ್ತೆ, ಆಮೇಲೆ ಬೇಕು ಅಂದ್ರೋ ಬೇಡ ಅಂದ್ರೋ ತಿಳಿಯಲ್ಲ. ಮುಖ ನೋಡಿ ಊಹೆ ಮಾಡ್ತೀನಿ. ಯಾರೂ ಮುಖ ಎತ್ತಲ್ಲ."

"ಮೊದ್ಲೇ ಹೇಳೋದಲ್ವಾ ಅಪ್ಪ?"

"ಮೊದ್ಲು ನಂಗೇ ಗೊತ್ತಾಗ್ಲಿಲ್ಲ. ಅಂಗಡೀಲಿ ಯಾರೂ ಮಾತಾಡಲ್ಲ. ಮನೆಗೆ ಬಂದ್ರೆ ನೀವೂ ಮಾತಾಡಲ್ಲ. ಫೋನು ಬಂದ್ಮೇಲೆ ಎಲ್ರ ಬಾಯೂ ನಿಂತೋಯ್ತು ಅಂದ್ಕೊಂಡೆ. ನನ್ನ ಕಿವಿ ಹೋಗ್ತಿದೆ ಅಂತ ಯಾಕಂದ್ಕೊಳ್ಲಿ?"

ಅಜ್ಜಿ ಮಗನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ನಾನು ಮಾತಾಡ್ತಾನೇ ಇದ್ನಲ್ಲೋ."

"ನೀನು ಮಾತಾಡ್ತಿದ್ಯಾ?" ಎಂದ ಅವನು. ನಿಜಕ್ಕೂ ಆಶ್ಚರ್ಯದಿಂದ ಕೇಳಿದ.

ವೈರು ಯಾಕೆ ಎಂದರೆ, ಅದಕ್ಕೂ ಉತ್ತರ ಇತ್ತು. ಕಿವಿ ಕೇಳದವನ ಕತ್ತಿಯ ಮುಂದೆ ಯಾರು ಕತ್ತು ಒಡ್ಡುತ್ತಾರೆ? ವೈರು ಇದ್ದರೆ ಹಾಡು ಕೇಳ್ತಿದ್ದಾನೆ ಅಂದುಕೊಂಡು ಎರಡು ಸಲ ಹೇಳುತ್ತಾರೆ, ಕೈ ತಟ್ಟಿ ಹೇಳುತ್ತಾರೆ, ಎರಡು ಬೈದು ಸುಮ್ಮನಾಗುತ್ತಾರೆ. ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನವೊಂದನ್ನು ಬಿಟ್ಟು ಬೇರೇನೂ ಉಳಿಯದ ಮನೆಯಲ್ಲಿ ಕೂತು ಅವನು ಈ ಮಾತು ಹೇಳಿದ.

ಮಗಳು ಅಲ್ಲೇ ಅಮ್ಮನಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಹೀಗೆ ಹೇಳು ಅಂತ ಅಪ್ಪ ಹೇಳ್ಕೊಟ್ರಾ?" ಎಂದಳು ತಾಯಿ.

"ಅಮ್ಮಾ, ಸತ್ಯವಾಗ್ಲೂ."

"ಪಿನ್ನು ಬಿಚ್ಕೊಂಡು ಹಾಡು ಕೇಳ್ತಿದ್ದೆ ಅಂದವರು, ಕಿವಿ ಕೇಳಲ್ಲ ಅಂತಲೂ ಅಂತಾರೆ."

ಹಿಂದೆ ಅಕ್ಕನ ದನಿ ಕೇಳಿಸಿತು. "ಹೊಸ ನಾಟಕ."

ಆದರೂ ಅವಳು ಬಂದಳು. ನಂಬಿ ಬಂದವಳಲ್ಲ, ಕಂಡುಹಿಡಿಯಲು ಬಂದವಳು. ಅಂಗಡಿ ತೆರೆಯುವ ಹೊತ್ತಿಗೆ ಮುಂಚೆ, ಹೇಳದೆ ಕೇಳದೆ, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಳು. ಮಗಳು ಕೆಲಸಕ್ಕೆ ಹೋಗಿಯಾಗಿತ್ತು. ಅಜ್ಜಿ ಮಂಚದ ಮೇಲಿಂದ ನೋಡಿ ಬಾಯಿ ತೆರೆದಳು. ಸೊಸೆ ತುಟಿಗೆ ಬೆರಳಿಟ್ಟಳು. ರೇಡಿಯೋ ಸಿಂಕಿನ ಮುಂದೆ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದ. ಕಿವಿಯಲ್ಲಿ ಏನೂ ಇರಲಿಲ್ಲ.

"ರೀ" ಎಂದಳು. ಅವನು ಲೋಟ ಉಜ್ಜುತ್ತಿದ್ದ.

"ಸುಳ್ಳುಗಾರ" ಎಂದಳು. ಲೋಟ ಮಗುಚಿಟ್ಟು ತಟ್ಟೆ ಎತ್ತಿಕೊಂಡ.

ಇಷ್ಟಕ್ಕೆಲ್ಲ ನಂಬುವವಳಲ್ಲ ಅವಳು. ಬೈಗುಳಕ್ಕೆ ಅಲುಗಾಡದಿರುವುದನ್ನು ಗಂಡಸರು ಬಹಳ ಬೇಗ ಕಲಿಯುತ್ತಾರೆ. ಒಂದು ಹೆಜ್ಜೆ ಹತ್ತಿರ ಹೋಗಿ, ಸಹಜವಾದ ದನಿಯಲ್ಲಿ, ಹೇಳಬಾರದ ಮಾತನ್ನು ಹೇಳಿದಳು. "ಮಗಳಿಗೆ ಆ್ಯಕ್ಸಿಡೆಂಟ್ ಆಗಿದೆ. ಆಸ್ಪತ್ರೇಲಿದ್ದಾಳೆ."

ನಡುಮನೆಯಲ್ಲಿ ಅಜ್ಜಿ ಕಿರುಚಿಕೊಂಡಳು. ರೇಡಿಯೋ ತಟ್ಟೆಯ ಅಂಚಿಗೆ ಅಂಟಿದ್ದ ಅನ್ನದ ಅಗುಳನ್ನು ಉಗುರಿನಿಂದ ಕೆರೆದು, ನೀರಿಗೆ ಹಿಡಿದು, ಬೆಳಕಿಗೆ ಎತ್ತಿ ನೋಡಿದ. ಭುಜ ಕೂಡ ಅಲುಗಲಿಲ್ಲ.

ಈಗ ಅವಳು ನಂಬಿದಳು. "ಇಲ್ಲ ಅತ್ತೆ, ಸುಳ್ಳು, ಸುಳ್ಳು ಹೇಳ್ದೆ, ಅವಳು ಚೆನ್ನಾಗಿದ್ದಾಳೆ" ಎಂದು ಅತ್ತೆಯನ್ನು ಸಮಾಧಾನ ಮಾಡಲು ಓಡಿದಳು. ಅಜ್ಜಿ ಎದೆ ಹಿಡಿದುಕೊಂಡು ಬಾಯಿಗೆ ಬಂದಂತೆ ಬೈದಳು. ಆ ಬೈಗುಳಕ್ಕೆ ಅವಳು ತಲೆಬಾಗಿ ನಿಂತಿರುವಾಗ ರೇಡಿಯೋ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ.

"ಬಂದ್ಯಾ" ಎಂದ. ಮುಖ ಅರಳಿತು. "ಟೀ ಕುಡೀತೀಯಾ?"

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ತಾನು ಎದುರಿಗೆ ಕುರ್ಚಿಯಲ್ಲಿ ಕೂತು, ಆ ಸಂಜೆ ಸೌಟು ಹಿಡಿದುಕೊಂಡು ತಾನು ಕೇಳಿದ್ದು ಏನು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅವನಿಗೆ ಅರ್ಥವಾಗಲು ಎರಡು ಸಲ ಬೇಕಾಯಿತು. ಅರ್ಥವಾದ ಮೇಲೆ ಅವನ ಮುಖದ ಬಣ್ಣ ಇಳಿಯಿತು.

"ಬೇಳೆ ಕೇಳ್ತಿದ್ದೀಯಾ ಅಂದ್ಕೊಂಡೆ" ಎಂದ.

ಅಜ್ಜಿ ಮಂಚದ ಮೇಲಿಂದ "ದೇವರೇ" ಎಂದಳು. ಅದು ಅವನಿಗೆ ಕೇಳಿಸಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗೋಣ. ಕಿವಿಗೆ ಹಾಕೋ ಮೆಷಿನ್ನು ಬರುತ್ತಂತೆ, ಮಗಳು ವಿಚಾರಿಸಿದ್ದಾಳೆ" ಎಂದಳು ಹೆಂಡತಿ. ಅವನು ತಲೆಯಾಡಿಸಿದ. ಅವನ ಲಕ್ಷ್ಯ ಬೇರೆ ಕಡೆಯಿತ್ತು.

"ಹಾಗಿದ್ರೆ ಇನ್ನೂ ಎಷ್ಟು ತಪ್ಪಿಹೋಗಿದ್ಯೋ" ಎಂದ. "ಇಷ್ಟು ತಿಂಗಳು ನೀನು ಹೇಳಿದ್ದೊಂದೂ ನಂಗೆ ಸಿಕ್ಕಿಲ್ಲ. ಎಲ್ಲದಕ್ಕೂ ಹೂಂ ಅಂದಿದ್ದೀನಿ. ಇವತ್ತು ಅಂಗಡಿ ಬಾಗಿಲು ತೆಗೆಯಲ್ಲ. ಮೊದಲಿಂದ ಹೇಳು. ಏನೇನು ಹೇಳಿದ್ದೆ ನೀನು ನಂಗೆ?"

ಅವಳು ನೆನಪು ಮಾಡಿಕೊಂಡಳು. ಗ್ಯಾಸು ಖಾಲಿಯಾದದ್ದು. ಪಕ್ಕದ ಮನೆಯವರು ಹೋದದ್ದು. ಉಪ್ಪಿನ ಡಬ್ಬ. ಬೇಕರಿಯಲ್ಲಿ ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದ್ದಳು, ಇವನಿಗಲ್ಲ. ಕಾಲು ನೋವು ಹೆಚ್ಚಿದ್ದನ್ನು ಯಾರಿಗೂ ಹೇಳಿರಲಿಲ್ಲ, ನೋಯುವ ಹೊತ್ತಿಗೆ ಏನಾದರೂ ನೋಡುತ್ತಾ ಮರೆತಿದ್ದಳು. ಇವನು ಕೇಳಿಸಿಕೊಳ್ಳಲಿಲ್ಲ ಎಂದು ಇಷ್ಟು ದಿನ ಹೊಟ್ಟೆ ಉರಿಸಿಕೊಂಡವಳು, ಕೇಳಿಸಿಕೊಳ್ಳಬೇಕಾದಂಥ ಒಂದು ಮಾತನ್ನಾದರೂ ಆಡಿದ್ದೆನಾ ಎಂದು ಹಿಂದೆ ಹಿಂದೆ ಹುಡುಕಿಕೊಂಡು ಹೋದಳು. ಸಿಗಲಿಲ್ಲ.

"ಹೇಳೇ" ಎಂದ ಅವನು. "ಏನೂ ಇಲ್ವಾ?"

"ತುಂಬಾ ಇದೆ" ಎಂದಳು.

ಅವನು ನಂಬಿದ. ಸ್ಟೂಲನ್ನು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಅವಳ ತುಟಿ ನೋಡುತ್ತಾ ಕೂತ.